ಫಸ್ಟ್ ಕ್ಲಾಸ್‌ನಲ್ಲಿ ಅಮ್ಮನ ಊಟ: ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಇಲ್ಲದೆ ನ್ಯೂಯಾರ್ಕ್‌ವರೆಗೆ ಹೇಗೆ?

ಬಸವನಗುಡಿ ಮಗಳು:
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷ ಕ್ರೆಡಿಟ್ ಕಾರ್ಡ್ ಪಾಯಿಂಟ್ ಕೂಡಿಟ್ಟು ಅಮ್ಮನಿಗೂ ನನಗೂ ಫಸ್ಟ್ ಕ್ಲಾಸ್ ಟಿಕೆಟ್ ಮಾಡಿಸಿದ್ದೇನೆ. ಎಮಿರೇಟ್ಸ್, ಬೆಂಗಳೂರಿನಿಂದ ದುಬೈ, ಅಲ್ಲಿಂದ ನ್ಯೂಯಾರ್ಕ್. ಎರಡೂ ಎ380 ವಿಮಾನ. ಅಣ್ಣನ ಮನೆಗೆ ಹೋಗುತ್ತಿದ್ದೇವೆ. ಅಮ್ಮನಿಗೆ 72 ವರ್ಷ. ನಮ್ಮದು ಮಾಧ್ವರ ಮನೆ. ಅಮ್ಮ ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಮುಟ್ಟುವುದಿಲ್ಲ.

ಹೋದ ಸಲ ಬೇರೊಂದು ಏರ್‌ಲೈನ್‌ನ ಬಿಸಿನೆಸ್ ಕ್ಲಾಸ್‌ನಲ್ಲಿ ಕರೆದುಕೊಂಡು ಹೋಗಿದ್ದೆ. ಪಕ್ಕದವರಿಗೆ ಬಿಳಿ ಬಟ್ಟೆ ಹಾಸಿ, ಬ್ರೆಡ್ಡು, ಸೂಪು, ಸಾಲಡ್ಡು, ಊಟ, ಸಿಹಿ ಅಂತ ಒಂದಾದ ಮೇಲೊಂದು ತಟ್ಟೆ ಬರುತ್ತಿತ್ತು. ಅಮ್ಮನ ಮುಂದೆ ಫಾಯಿಲ್ ಮುಚ್ಚಿದ ಒಂದೇ ಟ್ರೇ. ತೆಗೆದರೆ ಸುಟ್ಟ ದಪ್ಪ ಮೆಣಸಿನಕಾಯಿ, ಎರಡು ತುಂಡು ಜುಕಿನಿ, ಉಪ್ಪೇ ಇಲ್ಲದ ಕಿನೋವಾ. ಅಮ್ಮ ಬಗ್ಗಿ ಮೂಸಿ ನೋಡಿದರು. ಬೆಳ್ಳುಳ್ಳಿ ವಾಸನೆ ಬಂತು. ಫಾಯಿಲ್‌ನ ಅಂಚನ್ನು ಮತ್ತೆ ಸುತ್ತಲೂ ಒತ್ತಿ, ಮೊದಲು ಹೇಗಿತ್ತೋ ಹಾಗೇ ಮುಚ್ಚಿಟ್ಟರು. "ನನಗೆ ಹಸಿವಿಲ್ಲ ಕಣೇ, ನೀನು ತಿನ್ನು" ಅಂದರು. ಹತ್ತು ಗಂಟೆ ಎರಡು ಬಾಳೆಹಣ್ಣಿನಲ್ಲಿ ಕಳೆದರು. ಅವರಿಗೆ ಹಸಿವಿತ್ತು, ನನಗೆ ಗೊತ್ತು.

ಈ ಸಲ ಹಾಗಾಗಬಾರದು. ಯಾವ ಊಟ ಬರೆಸಬೇಕು? ವಿಮಾನ ನಿಲ್ದಾಣದಲ್ಲಿ ಕಾಯುವ ಲೌಂಜ್‌ನಲ್ಲಿ ಯಾವುದನ್ನು ನಂಬಿ ತಿನ್ನಬಹುದು? ಹೋಗಿ ಬಂದವರು ದಯವಿಟ್ಟು ಹೇಳಿ.

ದುಬೈ ಕನ್ನಡಿಗ:
ಮೇಡಂ, ಮೊದಲು ಊಟದ ಕೋಡ್, ಅಂದರೆ ವಿಶೇಷ ಊಟಕ್ಕೆ ಟಿಕೆಟ್‌ನಲ್ಲಿ ಬರೆಸುವ ನಾಲ್ಕಕ್ಷರದ ಗುರುತು, ಸರಿಯಾಗಿ ಹಾಕಿಸಿ. ಅರ್ಧ ಜನ ಎಡವುವುದು ಅಲ್ಲೇ. ಎವಿಎಂಎಲ್ ಅಂದರೆ ನಮ್ಮ ದೇಶದ ಥರದ ಸಸ್ಯಾಹಾರ. ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ಹಾಲು ಮೊಸರು ಇರುತ್ತದೆ. ಆದರೆ ಈರುಳ್ಳಿ, ಬೆಳ್ಳುಳ್ಳಿ ಧಾರಾಳವಾಗಿ ಹಾಕುತ್ತಾರೆ. ವಿಎಲ್‌ಎಂಎಲ್ ಹಾಕಿಸಿದರೆ ಮೊಟ್ಟೆ ಬರಬಹುದು, ಏಕೆಂದರೆ ಹೊರದೇಶದಲ್ಲಿ ಮೊಟ್ಟೆ ತಿನ್ನುವವರೂ ಸಸ್ಯಾಹಾರಿಗಳೇ. ವಿಜಿಎಂಎಲ್ ಪೂರ್ತಿ ವೀಗನ್, ತುಪ್ಪವೂ ಇಲ್ಲ. ಅಮ್ಮನಿಗೆ ಹತ್ತಿರದ್ದು ವಿಜೆಎಂಎಲ್, ಅಂದರೆ ಜೈನ ಊಟ.

ಇನ್ನೊಂದು ಮುಖ್ಯವಾದದ್ದು. ಎಚ್‌ಎನ್‌ಎಂಎಲ್, ಅಂದರೆ 'ಹಿಂದೂ ಮೀಲ್', ಸಸ್ಯಾಹಾರ ಅಲ್ಲವೇ ಅಲ್ಲ. ಅದರಲ್ಲಿ ದನದ ಮಾಂಸ ಇರುವುದಿಲ್ಲ, ಅಷ್ಟೇ. ಕೋಳಿ, ಕುರಿ, ಮೀನು ಎಲ್ಲ ಇರುತ್ತದೆ. 2018ರ ಜುಲೈನಲ್ಲಿ ಎಮಿರೇಟ್ಸ್ ಇದನ್ನು ನಿಲ್ಲಿಸುತ್ತೇವೆ ಅಂತ ಹೇಳಿ, ಜನ ಬೇಜಾರಾದ ಮೇಲೆ ಮರುದಿನವೇ ಮುಂದುವರಿಸುತ್ತೇವೆ ಅಂದಿತು. ಆಗಲೂ ಎಷ್ಟೋ ಜನ ಅದು ಸಸ್ಯಾಹಾರದ ಊಟ ಅಂತಲೇ ಮಾತಾಡುತ್ತಿದ್ದರು. ನಮ್ಮ ಪರಿಚಯದ ಅಜ್ಜಿಯೊಬ್ಬರಿಗೆ ಟ್ರಾವೆಲ್ಸ್‌ನವರು 'ಹಿಂದೂ ಅಲ್ವಾ' ಅಂತ ಇದನ್ನೇ ಹಾಕಿಸಿದ್ದರು. ಮುಚ್ಚಳ ತೆಗೆದಾಗ ಕೋಳಿ. ಪಾಪ, ಆಮೇಲೆ ನೀರು ಕೂಡ ಬೇಡ ಅಂದರು.

ವಿಮಾನ ಹೊರಡುವ 24 ಗಂಟೆ ಮುಂಚೆ ಬರೆಸಬೇಕು. ನೀವು ಮೂರು ದಿನ ಮುಂಚೆಯೇ ಮಾಡಿ, ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಗೊಮ್ಮಟನೂರು:
ನಾವು ಜೈನರು. ಅದಕ್ಕೇ ಒಂದು ಮಾತು ಹೇಳಬೇಕು ಅನ್ನಿಸಿತು. ಜೈನ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಮಾತ್ರವಲ್ಲ, ನೆಲದೊಳಗೆ ಬೆಳೆಯುವ ಯಾವುದೂ ಇರುವುದಿಲ್ಲ. ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಹಸಿ ಶುಂಠಿ ಏನೂ ಇಲ್ಲ. ಅದು ಅಮ್ಮನಿಗೆ ತೊಂದರೆ ಆಗಲಿಕ್ಕಿಲ್ಲ. ಆದರೆ ಕೆಲವು ಏರ್‌ಲೈನ್‌ಗಳ ಜೈನ ಊಟದಲ್ಲಿ ಹಾಲು, ಮೊಸರು ಕೂಡ ಇರುವುದಿಲ್ಲ. ಪ್ರಾಣಿಯಿಂದ ಬಂದದ್ದು ಏನೂ ಬೇಡ ಅಂತ ಅವರ ಲೆಕ್ಕ. ಮೊಸರನ್ನ ಇಲ್ಲದೆ ಊಟ ಮುಗಿಯದವರಿಗೆ ಇದು ಕಷ್ಟ. ಮೊಸರು ಬೇಕು ಅಂತ ಬೇರೆಯಾಗಿ ಹೇಳಿಡಿ.

ಉಡುಪಿ ರಥಬೀದಿ:
ತಂಗಿ, ಯಾವ ತಿಂಗಳು ಹೊರಡುತ್ತಿದ್ದೀರಿ? ಚಾತುರ್ಮಾಸ್ಯ ಆದರೆ ಲೆಕ್ಕವೇ ಬೇರೆ. ಶಾಕವ್ರತದಲ್ಲಿ ತರಕಾರಿ ಇಲ್ಲ, ದಧಿವ್ರತದಲ್ಲಿ ಮೊಸರಿಲ್ಲ, ಕ್ಷೀರವ್ರತದಲ್ಲಿ ಹಾಲಿಲ್ಲ, ದ್ವಿದಳ ವ್ರತದಲ್ಲಿ ಬೇಳೆಯಿಲ್ಲ. ಇದಕ್ಕೆಲ್ಲ ಯಾವ ಏರ್‌ಲೈನ್‌ನಲ್ಲೂ ಕೋಡ್ ಇಲ್ಲ. ಏಕಾದಶಿ ಬಿದ್ದರೆ ಎಫ್‌ಪಿಎಂಎಲ್ ಅಂತ ಹಣ್ಣಿನ ತಟ್ಟೆ ಬರೆಸಬಹುದು.

ಬಸವನಗುಡಿ ಮಗಳು:
ಮೇ ತಿಂಗಳು ಅಕ್ಕಾ. ಚಾತುರ್ಮಾಸ್ಯ ಶುರುವಾಗುವ ಮುಂಚೆ. ಆದರೆ ಏಕಾದಶಿ ನೋಡಿಯೇ ಇರಲಿಲ್ಲ, ಈಗಲೇ ಪಂಚಾಂಗ ತೆಗೆಯುತ್ತೇನೆ.

ಫ್ಲೈಟ್ ಕಿಚನ್ ಕೆಲಸದವನು:
ನಾನು ಹನ್ನೊಂದು ವರ್ಷ ವಿಮಾನಗಳಿಗೆ ಊಟ ಮಾಡಿ ಕಳಿಸುವ ಅಡುಗೆಮನೆಯಲ್ಲಿ ಕೆಲಸ ಮಾಡಿದವನು. ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ.

ವಿಮಾನದಲ್ಲಿ ಅಡುಗೆ ಆಗುವುದಿಲ್ಲ, ಬಿಸಿ ಮಾಡುವುದು ಮಾತ್ರ. ಬೆಂಕಿ ಹಚ್ಚುವ ಹಾಗಿಲ್ಲ. ನೆಲದ ಮೇಲೆ ಬೇಯಿಸಿ, ದೊಡ್ಡ ಚಿಲ್ಲರ್‌ನಲ್ಲಿ ಬೇಗ ತಣ್ಣಗೆ ಮಾಡಿ, ತಟ್ಟೆಗೆ ಹಾಕಿ, ಟ್ರಾಲಿಯಲ್ಲಿ ವಿಮಾನಕ್ಕೆ ಕಳಿಸುತ್ತಾರೆ. ಮೇಲೆ ಓವನ್‌ನಲ್ಲಿ ಬಿಸಿಗಾಳಿ, ಹಬೆ. ಫಸ್ಟ್ ಕ್ಲಾಸ್ ಆದರೂ ಇದೇ. ವ್ಯತ್ಯಾಸ ಎಲ್ಲಿ ಅಂದರೆ, ಅಲ್ಲಿ ಅನ್ನ ಬೇರೆ, ಪಲ್ಯ ಬೇರೆ, ಸಾರು ಬೇರೆ ಹೋಗಬಹುದು. ಗಗನಸಖಿ ಪಿಂಗಾಣಿ ತಟ್ಟೆಯಲ್ಲಿ ಬಡಿಸುತ್ತಾರೆ. ಇಕಾನಮಿಯಲ್ಲಿ ಎಲ್ಲವೂ ಒಂದೇ ಫಾಯಿಲ್ ಡಬ್ಬಿ.

ಹಾಗಾಗಿ ಯಾವ ತಿಂಡಿ ಇದನ್ನು ತಡೆದುಕೊಳ್ಳುತ್ತದೆ ಅಂತ ಯೋಚಿಸಿ. ದೋಸೆ ಸತ್ತು ಹೋಗುತ್ತದೆ. ಪೂರಿ ಚರ್ಮದ ಹಾಗಾಗುತ್ತದೆ. ಇಡ್ಲಿ ಹಬೆಯಲ್ಲಿ ಮತ್ತೆ ಮೆತ್ತಗಾಗುತ್ತದೆ. ಬಿಸಿಬೇಳೆಬಾತ್, ಪೊಂಗಲ್ ಚೆನ್ನಾಗಿರುತ್ತವೆ, ಸ್ವಲ್ಪ ನೀರಾಗಿ ಮಾಡಿ ಕಳಿಸಿದರೆ. ಉಪ್ಪಿಟ್ಟೂ ಹಾಗೇ. ಗಟ್ಟಿ ಮಾಡಿದರೆ ಮೇಲೆ ಇಟ್ಟಿಗೆ ಆಗುತ್ತದೆ.

ರುಚಿ ಯಾಕೆ ಸಪ್ಪೆ ಅನ್ನಿಸುತ್ತದೆ ಅಂತ ನಮಗೂ ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಿದ್ದರು. 2010ರಲ್ಲಿ ಲುಫ್ತಾನ್ಸಾದವರು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಿಂದ ಒಂದು ಪರೀಕ್ಷೆ ಮಾಡಿಸಿದರು. ಹಳೆಯ ಏರ್‌ಬಸ್‌ನ ಮುಂಭಾಗವನ್ನು ಗಾಳಿ ಒತ್ತಡ ಕಡಿಮೆ ಮಾಡುವ ಕೊಳವೆಯೊಳಗೆ ಇಟ್ಟು, ಜನರನ್ನು ಕೂರಿಸಿ ಊಟ ಕೊಟ್ಟರು. ಉಪ್ಪಿನ ರುಚಿ ಶೇಕಡಾ 20ರಿಂದ 30ರಷ್ಟು ಕಡಿಮೆ ಗೊತ್ತಾಗುತ್ತದೆ. ಸಿಹಿಯೂ ಮಂಕಾಗುತ್ತದೆ. ಕ್ಯಾಬಿನ್‌ನ ಒಣ ಗಾಳಿಗೆ ಮೂಗು ಒಣಗಿ ವಾಸನೆಯೂ ಸರಿಯಾಗಿ ತಿಳಿಯುವುದಿಲ್ಲ. ಆದರೆ ಹುಳಿ, ಖಾರ, ಟೊಮ್ಯಾಟೊ, ಏಲಕ್ಕಿಯಂಥ ಮಸಾಲೆ ಅಷ್ಟು ಸೋಲುವುದಿಲ್ಲ. ಈಗ ಹೇಳಿ, ಹುಣಸೆಹಣ್ಣಿನ ಗೊಜ್ಜು, ಟೊಮ್ಯಾಟೊ ಸಾರು, ಮೆಣಸಿನ ಪೊಂಗಲ್‌ಗಿಂತ ವಿಮಾನಕ್ಕೆ ಹೊಂದುವ ಊಟ ಯಾವುದಿದೆ? ಬೆಣ್ಣೆಯಲ್ಲಿ ಬೇಯಿಸಿದ ತರಕಾರಿ ಮೇಲೆ ಹೋದರೆ ಹುಲ್ಲಿನ ಹಾಗಿರುತ್ತದೆ. ನಮ್ಮ ಅಡುಗೆ ಅಲ್ಲಿ ಗೆಲ್ಲುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ.

ಎಲ್ಲಕ್ಕಿಂತ ಮುಖ್ಯ, ಊಟ ಯಾವ ಊರಿನಲ್ಲಿ ಹತ್ತುತ್ತದೆ ಅನ್ನುವುದು. ಬೆಂಗಳೂರಿನಿಂದ ಹೊರಡುವಾಗ ಎವಿಎಂಎಲ್ ಮಾಡುವವರು ನಮ್ಮವರೇ, ಕೈಗೆ ರೂಢಿ ಇದೆ. ಅದೇ ಕೋಡ್ ಯೂರೋಪಿನ ಊರಿಂದ ಬಂದರೆ ಅರಿಶಿನದ ಅನ್ನ, ಕಡಲೆಕಾಳು, ಹೆಚ್ಚಂದರೆ ಪನೀರ್. ದುಬೈ ಬಗ್ಗೆ ಭಯ ಬೇಡ, ಅಲ್ಲಿ ಭಾರತದವರಿಗೆ ದಿನಾ ಅಡುಗೆ ನಡೆಯುತ್ತದೆ.

ಇನ್ನೊಂದು. ವಿಶೇಷ ಊಟದ ಮೇಲೆ ಸೀಟ್ ನಂಬರಿನ ಚೀಟಿ ಅಂಟಿಸಿರುತ್ತಾರೆ. ಸೀಟ್ ಬದಲಾದರೆ ಊಟ ಹಳೆ ಸೀಟಿಗೇ ಹೋಗುತ್ತದೆ. ಸೀಟ್ ಬದಲಿಸಿಕೊಂಡರೆ ತಕ್ಷಣ ಸಿಬ್ಬಂದಿಗೆ ಹೇಳಿ.

ಬಸವನಗುಡಿ ಮಗಳು:
ಸರ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಗೊಜ್ಜು ಮೇಲೂ ರುಚಿ ಇರುತ್ತದಂತೆ" ಅಂತ ಪಕ್ಕದ ಮನೆಯವರಿಗೂ ಹೇಳಿ ಬಂದರು.

ಹಳೇ ಮೈಸೂರು:
ಇಷ್ಟೆಲ್ಲ ಯಾಕೆ? ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ನಮ್ಮ ಊಟ ನಮ್ಮ ಕೈಲಿ. ನಮ್ಮ ಹಿರಿಯರು ಕಾಶಿಗೆ ಹಾಗೇ ಹೋಗಿ ಬಂದರು.

ಸಿಂಗಪುರದ ಸೊಸೆ:
ಕಟ್ಟಿಕೊಂಡು ಹೋಗುವುದು ತಪ್ಪಲ್ಲ, ನಾನೂ ಒಯ್ಯುತ್ತೇನೆ. ಆದರೆ ಅದೊಂದೇ ದಾರಿ ಅಂದರೆ ಒಪ್ಪುವುದಿಲ್ಲ. ಆ ಹಿರಿಯರು ನಾಲ್ಕು ವರ್ಷ ಕೂಡಿಟ್ಟು ಊಟಕ್ಕೂ ಸೇರಿಸಿ ದುಡ್ಡು ಕೊಟ್ಟಿರಲಿಲ್ಲ. ಪಕ್ಕದ ಸೀಟಿನವರಿಗೆ ಕ್ಯಾವಿಯರ್ ಬರುತ್ತದೆ. ಮೀನಿನ ಮೊಟ್ಟೆ ಅದು, ನಮಗೆ ಬೇಡ. ಆದರೆ ಅದರ ಬದಲಿಗೆ ನಮಗೇನು ಅಂತ ಕೇಳಬೇಕಲ್ವಾ? ಸಸ್ಯಾಹಾರ ಅಂದರೆ ಮಾಂಸ ತೆಗೆದು ಉಳಿದದ್ದು ಅಲ್ಲ. ಅದು ಮೊದಲಿಂದ ಕೊನೆವರೆಗೆ ಒಂದು ಊಟ. ನಾವು ಸುಮ್ನೆ ಡಬ್ಬಿ ಬಿಚ್ಚಿಕೊಂಡು ಕೂತರೆ ಅವರಿಗೆ ಯಾವತ್ತೂ ಗೊತ್ತಾಗುವುದಿಲ್ಲ.

ಕೋಡ್ ಹಾಕಿಸುವ ಮುಂಚೆ ಆ ದಿನದ ಮೆನು ನೋಡಿ. ಫಸ್ಟ್ ಕ್ಲಾಸ್‌ನಲ್ಲಿ ಮಾಮೂಲಿ ಮೆನುವಿನಲ್ಲೇ ಸಸ್ಯಾಹಾರದ ಊಟ ಇರುವುದುಂಟು. ವಿಶೇಷ ಊಟ ಹಾಕಿಸಿದರೆ ಅದು ಬೇರೆ ಎಲ್ಲದರ ಜಾಗಕ್ಕೂ ಬರಬಹುದು. ಈರುಳ್ಳಿ ತಿನ್ನುವ ನನ್ನಂಥವರಿಗೆ ಎಷ್ಟೋ ಸಲ ಮಾಮೂಲಿ ಮೆನುವೇ ಚೆನ್ನ. ಸಿಂಗಪುರ್ ಏರ್‌ಲೈನ್ಸ್‌ನಲ್ಲಿ 'ಬುಕ್ ದ ಕುಕ್' ಅಂತ ಇದೆ, 24 ಗಂಟೆ ಮುಂಚೆ ಬೇಕಾದ ಊಟವನ್ನು ಆರಿಸಬಹುದು. ನಿಮ್ಮ ಅಮ್ಮನಿಗೆ ಮಾತ್ರ ಜೈನ ಊಟವೇ ಸರಿ.

ಇಲ್ಲಿನ ಲೌಂಜ್‌ಗಳಲ್ಲಿ ಲಕ್ಸಾ ಅನ್ನುವ ನೂಡಲ್ಸ್ ಸಾರು ಕಂಡರೆ ಹುಷಾರು. ಮೇಲೆ ತೋಫು ತೇಲುತ್ತಿರುತ್ತದೆ, ಕೆಳಗೆ ಸಾರಿನಲ್ಲಿ ಒಣಸಿಗಡಿ ಅರೆದು ಹಾಕಿರುತ್ತಾರೆ. ಸಾಂಬಾಲ್ ಚಟ್ನಿಯೂ ಹಾಗೇ.

ಜಪಾನ್ ರಿಟರ್ನ್:
ಟೋಕಿಯೋದಲ್ಲಿ ಜಪಾನ್ ಏರ್‌ಲೈನ್ಸ್ ಲೌಂಜಿನ ಕರಿ ಬಹಳ ಪ್ರಸಿದ್ಧ. ಅದು ಬೀಫ್ ಕರಿ. ಕರಿ ಅನ್ನ ಅಂತ ತಟ್ಟೆಗೆ ಹಾಕಿಕೊಳ್ಳಬೇಡಿ. ಮಿಸೋ ಸೂಪ್, ಉದೋನ್ ನೂಡಲ್ಸ್ ಎಲ್ಲದರ ನೀರು 'ದಾಶಿ', ಅಂದರೆ ಒಣಮೀನು ಕುದಿಸಿದ ಸಾರು.

ಬ್ಯಾಂಕಾಕ್‌ನಲ್ಲಿ ಮಾತ್ರ ಒಂದು ಒಳ್ಳೆಯ ಪದ ಇದೆ, 'ಜೇ'. 'ವೆಜಿಟೇರಿಯನ್' ಅಂದರೆ ಮೀನಿನ ಸಾಸ್ ಹಾಕಿಬಿಡಬಹುದು. 'ಜೇ' ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿ ಅಡುಗೆಗೆ ಅಷ್ಟು ಹತ್ತಿರದ್ದು ಅಲ್ಲಿ ಇದೆ ಅಂತ ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತಾರೆ.

ಫ್ರಾಂಕ್‌ಫರ್ಟ್ ಕನ್ನಡತಿ:
ನಾನು ಒಮ್ಮೆ ಲುಫ್ತಾನ್ಸಾದ ಫಸ್ಟ್ ಕ್ಲಾಸ್ ಟರ್ಮಿನಲ್‌ಗೆ ಹೋಗಿದ್ದೆ. 2004ರಲ್ಲಿ ಶುರುವಾದದ್ದು, ಬೇರೆ ಕಟ್ಟಡವೇ. ಅಲ್ಲಿಂದ ಕಾರಿನಲ್ಲಿ ವಿಮಾನದ ಹತ್ತಿರಕ್ಕೇ ಬಿಡುತ್ತಾರೆ. ಅಲ್ಲಿ ಬಫೆಯ ಜೊತೆ ಕೂತು ತರಿಸಿಕೊಳ್ಳುವ ಊಟ ಇದೆ. ಇದೇ ನಮಗೆ ಬೇಕಾದದ್ದು. ಬಫೆಯಲ್ಲಿ ಲೇಬಲ್ ನಂಬಬೇಕು, ಕೂತು ತರಿಸಿಕೊಳ್ಳುವಲ್ಲಿ ಕೇಳಬಹುದು. ಬಡಿಸುವವರು ಒಳಗೆ ಹೋಗಿ ಅಡುಗೆಯವರನ್ನು ವಿಚಾರಿಸಿ ಬಂದು ಹೇಳಿದರು. ನಾನು ಬಿಳಿ ಆಸ್ಪರಾಗಸ್, ಆಲೂಗಡ್ಡೆ, ಕರಗಿಸಿದ ಬೆಣ್ಣೆ ತಿಂದೆ. ಜೂನ್ 24ರವರೆಗೆ ಮಾತ್ರ ಅದರ ಕಾಲ.

ಅಲ್ಲಿ ಕಲಿತ ಎರಡು ವಿಷಯ. ಶ್ಪೆಟ್ಸ್ಲೆ ಅಂತ ಶಾವಿಗೆಯಂಥದ್ದು ಕೊಡುತ್ತಾರೆ, ಅದರ ಹಿಟ್ಟಿಗೇ ಮೊಟ್ಟೆ. ಚೀಸ್ ತಟ್ಟೆಯಲ್ಲಿ ಪಾರ್ಮಿಜಾನೋ ರೆಜ್ಜಾನೋ ಇದ್ದರೆ ಅದನ್ನು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್ ಹಾಕಿಯೇ ಮಾಡಬೇಕು ಅಂತ ನಿಯಮ ಇದೆ. ಮೂವತ್ತು ವರ್ಷ ಶುದ್ಧ ಸಸ್ಯಾಹಾರಿ ಅಂದುಕೊಂಡಿದ್ದೆ, ಪಾಸ್ತಾ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದೆ. ಗೊತ್ತಾದ ದಿನ ನಿದ್ದೆ ಬರಲಿಲ್ಲ. ಮೂಸ್, ಪಾನಾಕೋಟಾದಂಥ ಸಿಹಿ ಕಂಡರೆ ಜೆಲಾಟಿನ್, ಅಂದರೆ ಪ್ರಾಣಿಯ ಚರ್ಮ, ಮೂಳೆಯಿಂದ ಮಾಡಿದ ಅಂಟು, ಇದೆಯಾ ಕೇಳಿ.

ತುಂಗೆಯ ದಡ:
ಲೌಂಜ್ ಲೇಬಲ್ ಅಂದ ಮೇಲೆ ನನ್ನದೂ ಒಂದು. ಯಾವ ಊರು ಅಂತ ಹೇಳುವುದಿಲ್ಲ. 'ವೆಜಿಟಬಲ್ ಸೂಪ್' ಅಂತ ಬರೆದಿತ್ತು. ಅಪ್ಪ ಅರ್ಧ ಬಟ್ಟಲು ಕುಡಿದಿದ್ದರು. ಇನ್ನಷ್ಟು ತರಲು ಹೋದಾಗ ಸುಮ್ನೆ ಕೇಳಿದೆ. ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದಂತೆ. ತರಕಾರಿ ಹಾಕಿದ್ದರಿಂದ ವೆಜಿಟಬಲ್ ಸೂಪ್. ಅಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ. ಅದಾದ ಮೇಲೆ 'ವೆಜ್ಜಾ?' ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. 'ಇದರ ನೀರು ಯಾವುದು? ಮೀನು, ಕೋಳಿ, ಮೊಟ್ಟೆ ಒಂದೊಂದಾಗಿ ಇದೆಯಾ ಇಲ್ಲವಾ?' ಅಂತ ಕೇಳುತ್ತೇನೆ.

ದುಬೈ ಕನ್ನಡಿಗ:
ದುಬೈ ಲೌಂಜ್ ಬಗ್ಗೆ ಹೇಳುವುದು ಉಳಿದಿತ್ತು. ಅರಬ್ಬರ ಮೆಝ್ಝೆ, ಅಂದರೆ ಚಿಕ್ಕ ಚಿಕ್ಕ ಬಟ್ಟಲಿನ ತಿಂಡಿಗಳು, ಸಸ್ಯಾಹಾರಿಗಳಿಗೆ ವರ. ಹಮ್ಮಸ್, ಬದನೆಕಾಯಿಯ ಮುತಬ್ಬಲ್, ಅಕ್ರೋಟು ಮತ್ತು ಕೆಂಪು ಮೆಣಸಿನ ಮುಹಮ್ಮರ, ತಬೂಲೆ. ಆದರೆ ಹಮ್ಮಸ್, ಮುತಬ್ಬಲ್‌ನಲ್ಲಿ ಬೆಳ್ಳುಳ್ಳಿ ಇರುತ್ತದೆ, ತಬೂಲೆಯಲ್ಲಿ ಈರುಳ್ಳಿ. ಅಮ್ಮನಿಗೆ ಬೇಡ, ನೀವು ಬಿಡಬೇಡಿ. ಅಮ್ಮನಿಗೆ ಖರ್ಜೂರ, ಹಣ್ಣು, ಲಬ್ನೆ. ಲಬ್ನೆ ಅಂದರೆ ಬಟ್ಟೆಯಲ್ಲಿ ಕಟ್ಟಿಟ್ಟ ಗಟ್ಟಿ ಮೊಸರು. ಮೇಲೆ ಏನೂ ಉದುರಿಸದೆ ಕೊಡಿ ಅನ್ನಿ.

ಬೆಂಗಳೂರಲ್ಲಿ ಟರ್ಮಿನಲ್ 2ರಿಂದ ಹೊರಡುತ್ತೀರಿ. 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳು ಅಲ್ಲಿಂದಲೇ. ಅಲ್ಲಿ ಕನ್ನಡದಲ್ಲೇ ಕೇಳಬಹುದು, ಅದಕ್ಕಿಂತ ನೆಮ್ಮದಿ ಏನಿದೆ?

ಮತ್ತೆ ಇನ್ನೊಂದು. ಎ380 ಫಸ್ಟ್ ಕ್ಲಾಸ್‌ನಲ್ಲಿ ಸ್ನಾನದ ಮನೆ ಇದೆ. ಒಬ್ಬರಿಗೆ ಐದು ನಿಮಿಷ ಬಿಸಿನೀರು. ಹತ್ತಿದ ಕೂಡಲೇ ಸಮಯ ಬರೆಸಿಡಿ. ಅಮ್ಮ ಸ್ನಾನ ಮಾಡದೆ ಊಟ ಮಾಡುವವರಲ್ಲ ಅಂತ ಅನ್ನಿಸುತ್ತದೆ.

ಡಾಕ್ಟರಮ್ಮ, ಶಿವಮೊಗ್ಗ:
ಮೇಲೆ ಹೋದಾಗ ವಿಮಾನದೊಳಗೆ ಗಾಳಿಯ ಒತ್ತಡ ಕಡಿಮೆ, ಸುಮಾರು 6,000ದಿಂದ 8,000 ಅಡಿ ಬೆಟ್ಟದ ಮೇಲಿದ್ದ ಹಾಗೆ. ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. ವಯಸ್ಸಾದವರಿಗೆ ಕಡಲೆಕಾಳು, ರಾಜ್ಮಾ ಬೇಡ. ಅನ್ನ, ತಿಳಿಸಾರು, ಮೊಸರು ಸಾಕು. ನೀರು ಜಾಸ್ತಿ ಕುಡಿಸಿ.

ಅಟ್ಲಾಂಟಾ ಅತ್ತೆ:
ಚಟ್ನಿಪುಡಿ ಒಯ್ಯುವವರಿಗೆ ಒಂದು ಮಾತು. ಅಮೆರಿಕಕ್ಕೆ ಬರುವಾಗ ಕೈಚೀಲದಲ್ಲಿ 350 ಮಿಲಿಗಿಂತ ಜಾಸ್ತಿ ಪುಡಿ ಇದ್ದರೆ ಬಿಚ್ಚಿ ನೋಡುತ್ತಾರೆ. ಚಿಕ್ಕ ಡಬ್ಬಿ ಸಾಕು. ಉಪ್ಪಿನಕಾಯಿ, ಗೊಜ್ಜು, ಮೊಸರು ಇವೆಲ್ಲ ದ್ರವದ ಲೆಕ್ಕ, 100 ಮಿಲಿ ದಾಟಬಾರದು. ಇಡೀ ಒಣಕೊಬ್ಬರಿ ತರಬೇಡಿ, ಬೆಂಕಿ ಹತ್ತಿಕೊಳ್ಳುವ ಸಾಮಾನಿನ ಪಟ್ಟಿಯಲ್ಲಿದೆ. ವಿಮಾನದಲ್ಲಿ ಕೊಟ್ಟ ಬಾಳೆಹಣ್ಣು ಉಳಿದರೆ ಅಲ್ಲೇ ಬಿಟ್ಟು ಇಳಿಯಿರಿ. ಕಸ್ಟಮ್ಸ್‌ನಲ್ಲಿ ತಿಂಡಿ ಇದೆ ಅಂತ ಹೇಳಿಬಿಡಿ, ಮುಚ್ಚಿಡಬೇಡಿ.

ಬಸವನಗುಡಿ ಮಗಳು:
ನ್ಯೂಯಾರ್ಕ್‌ನಿಂದ ಬರೆಯುತ್ತಿದ್ದೇನೆ. ನಿನ್ನೆ ತಲುಪಿದೆವು. ನಿಮ್ಮೆಲ್ಲರಿಗೆ ವಿವರವಾಗಿ ಹೇಳಲೇಬೇಕು.

ಜೈನ ಊಟ ಬರೆಸಿದ್ದೆ. ಫೋನ್ ಮಾಡಿ ಮೊಸರು ಬೇಕು, ಹಾಲು ಮೊಸರು ತಿನ್ನುತ್ತಾರೆ ಅಂತ ಬೇರೆಯಾಗಿ ಹೇಳಿದ್ದೆ. ಬೆಂಗಳೂರಿನಿಂದ ಹೊರಟ ವಿಮಾನದಲ್ಲಿ ಉಪ್ಪಿಟ್ಟು ಬಂತು. ಕಿಚನ್ ಸರ್, ನೀವು ಹೇಳಿದ ಹಾಗೆ ಸಡಿಲವಾಗಿಯೇ ಇತ್ತು, ಸಾಸಿವೆ, ಕರಿಬೇವು ಎಲ್ಲ ಕಾಣುತ್ತಿತ್ತು. ದುಬೈ ಲೌಂಜ್‌ನಲ್ಲಿ ಖರ್ಜೂರ, ಲಬ್ನೆ. ಅಮ್ಮ ಲಬ್ನೆಯನ್ನು ಚಮಚದ ತುದಿಯಲ್ಲಿ ಮುಟ್ಟಿ ನೋಡಿ "ಇದು ಶ್ರೀಖಂಡಕ್ಕೆ ಕಟ್ಟಿಟ್ಟ ಮೊಸರು" ಅಂದರು. ಬಟ್ಟಲು ಖಾಲಿ ಮಾಡಿದರು.

ನ್ಯೂಯಾರ್ಕ್ ವಿಮಾನದಲ್ಲಿ ಗಗನಸಖಿ ಅಮ್ಮನ ಸೀಟಿನ ಪಕ್ಕ ಮೊಣಕಾಲೂರಿ ಕೂತು, ಊಟ ಯಾವಾಗ ಕೊಡಲಿ ಅಂತ ಕೇಳಿದಳು. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ, ಅಮ್ಮ ಕನ್ನಡದಲ್ಲೇ "ಸ್ನಾನ ಆದ ಮೇಲೆ" ಅಂದರು. ಆ ಹುಡುಗಿ ಮಂಗಳೂರಿನವಳು! "ಆಯ್ತು ಅಮ್ಮಾ" ಅಂದಳು. ನಮಗಿಬ್ಬರಿಗೂ ಮಾತೇ ಹೊರಡಲಿಲ್ಲ.

ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ ನಿಂತಿದ್ದೆ. ಬರುವಾಗ ಒಗೆದಿಟ್ಟ ಹತ್ತಿ ಸೀರೆ, ಹಣೆಗೆ ಅಕ್ಷತೆ ಇಟ್ಟುಕೊಂಡು ಬಂದರು. "ಐದು ನಿಮಿಷ ಬೇಕಾಗಲೇ ಇಲ್ಲ, ಮೂರರಲ್ಲಿ ಮುಗಿಸಿದೆ, ನೀರು ಉಳಿಯಲಿ" ಅಂದರು. ಆಮೇಲೆ ಬಿಳಿ ಬಟ್ಟೆ ಹಾಸಿದರು. ಒಂದಾದ ಮೇಲೊಂದು ತಟ್ಟೆ ಬಂತು. ಹಣ್ಣು ಮೊದಲು, ಆಮೇಲೆ ಸೋರೆಕಾಯಿ ಪಲ್ಯ, ಬೇಳೆ, ಅನ್ನ, ಕೊನೆಗೆ ದೊಡ್ಡ ಬಟ್ಟಲು ಮೊಸರು. ಅಮ್ಮ ಚಿಕ್ಕ ಡಬ್ಬಿ ತೆಗೆದು ಮೊಸರನ್ನಕ್ಕೆ ಚಟ್ನಿಪುಡಿ ಉದುರಿಸಿಕೊಂಡರು. ಕೈಯಲ್ಲಿ ಕಲಸಿದರು. ಚಮಚ ಮುಟ್ಟಲಿಲ್ಲ. ತಟ್ಟೆಯಲ್ಲಿ ಒಂದು ಅಗುಳೂ ಉಳಿಸಲಿಲ್ಲ. ಹೋದ ಸಲದ ಆ ಮುಚ್ಚಿಟ್ಟ ಫಾಯಿಲ್ ನೆನಪಾಗಿ ನಾನು ಕಿಟಕಿ ಕಡೆ ತಿರುಗಿ ಸ್ವಲ್ಪ ಹೊತ್ತು ಅತ್ತೆ.

ಉಡುಪಿ ರಥಬೀದಿ:
ತಂಗಿ, ಓದಿ ನನ್ನ ಕಣ್ಣೂ ತುಂಬಿತು. ಅಮ್ಮನಿಗೆ ನಮಸ್ಕಾರ ಹೇಳಿ.

ಫ್ಲೈಟ್ ಕಿಚನ್ ಕೆಲಸದವನು:
ಉಪ್ಪಿಟ್ಟು ಸಡಿಲ ಇತ್ತು ಅಂತ ಕೇಳಿ ಸಂತೋಷವಾಯಿತು. ವಾಪಸ್ ಬರುವಾಗ ಊಟ ನ್ಯೂಯಾರ್ಕ್‌ನಲ್ಲಿ ಹತ್ತುತ್ತದೆ, ನೆನಪಿರಲಿ. ಈಗಲೇ ಫೋನ್ ಮಾಡಿ. ಮೊಸರು ಮತ್ತೆ ಹೇಳಬೇಕು, ಹೋಗುವಾಗ ಹೇಳಿದ್ದು ಬರುವಾಗಿನದಕ್ಕೂ ಸೇರಿದೆ ಅಂತ ಅಂದುಕೊಳ್ಳಬೇಡಿ.

ಬಸವನಗುಡಿ ಮಗಳು:
ಮಾಡಿದೆ ಸರ್. ಎರಡು ಕಡೆಯ ವಿಮಾನಕ್ಕೂ ಬೇರೆ ಬೇರೆಯಾಗಿ ಬರೆಸಿದ್ದಾರೆ. ಏಕಾದಶಿ ಹಿಂದಿನ ದಿನವೇ ಮುಗಿಯುತ್ತದೆ, ನಾವು ಹೊರಡುವುದು ದ್ವಾದಶಿ. ಅಮ್ಮನಿಗೆ ಬೆಳಿಗ್ಗೆ ಬೇಗ ಪಾರಣೆ ಆಗಬೇಕು, ಅದಕ್ಕೆ ಅಣ್ಣನ ಮನೆಯಲ್ಲೇ ಅವಲಕ್ಕಿ ಮಾಡಿ ತಿಂದು ಹೊರಡುತ್ತೇವೆ.